ರೊಟ್ಟಿ ಜೊತೆ ತಿನ್ನೋ ಪುಂಡಿ, ಕಾರಿನ ಬಾಗಿಲಲ್ಲೂ ಐತಿ! ಏನಿದು ಕೆನಾಫ್?

ಸಾಲಗುಂದ (ಸಿಂಧನೂರು): ಜೋಳದ ರೊಟ್ಟಿ, ಪುಂಡಿ ಪಲ್ಯ ನಮ್ಮ ಭಾಗದ ಊಟ. ಹೊಲದ ಬದುವಿನಲ್ಲಿ, ಜೋಳದ ಸಾಲಿನ ನಡುವೆ ನಾಲ್ಕು ಕಾಳು ಪುಂಡಿ ಹಾಕುವುದು ಹಳೆಯ ರೂಢಿ. ಎಲೆ ಪಲ್ಯಕ್ಕೆ, ಬಲಿತ ಗಿಡದ ನಾರು ಹಗ್ಗಕ್ಕೆ. ನೈಲಾನ್ ಹಗ್ಗ ಬಂದ ಮೇಲೆ ನಾರಿಗೆ ಬೆಲೆ ಇಲ್ಲದಂಗಾಯ್ತು. ಆದರೆ ಅದೇ ನಾರು ಈಗ ಹೊರದೇಶದ ಕಾರುಗಳ ಬಾಗಿಲು ಸೇರಿದೆ.

ಯಾವ ಪುಂಡಿ ಇದು?
ಪುಂಡಿ ಅಂತ ಕರೆಯುವ ಗಿಡದಲ್ಲಿ ಎರಡು ಜಾತಿ ಇವೆ. ಅದರಲ್ಲಿ 'ಹೈಬಿಸ್ಕಸ್ ಕ್ಯಾನಬಿನಸ್' ಎಂಬ ಜಾತಿಗೆ ಹೊರದೇಶದಲ್ಲಿ 'ಕೆನಾಫ್' ಎನ್ನುತ್ತಾರೆ. ಸೆಣಬಿನ ವ್ಯಾಪಾರದಲ್ಲಿ ಎರಡಕ್ಕೂ 'ಮೇಸ್ತಾ' ಎಂಬ ಹೆಸರಿದೆ.

ಕಾರಿಗೆ ಯಾಕೆ ಬೇಕು?
ಕಾರು ಹಗುರಾದಷ್ಟೂ ಎಣ್ಣೆ ಕಮ್ಮಿ ಕುಡಿಯುತ್ತದೆ. ತೂಕ ಶೇ 10ರಷ್ಟು ಇಳಿದರೆ ಇಂಧನ ಶೇ 6ರಿಂದ 8ರಷ್ಟು ಉಳಿಯುತ್ತದೆ ಎಂಬುದು ಅಮೆರಿಕದ ಇಂಧನ ಇಲಾಖೆಯ ಲೆಕ್ಕ. ಎಲೆಕ್ಟ್ರಿಕ್ ಕಾರಿನಲ್ಲಿ ಬ್ಯಾಟರಿಯೇ ಭಾರ, ಹಾಗಾಗಿ ಉಳಿದದ್ದು ಹಗುರ ಇರಲೇಬೇಕು. ಪ್ಲಾಸ್ಟಿಕ್‌ಗೆ ಬಲ ಕೊಡಲು ಬೆರೆಸುವ ಗಾಜಿನ ನಾರಿಗಿಂತ ಪುಂಡಿ ನಾರು ಬಹಳ ಹಗುರ.

ಹೇಗೆ ಮಾಡ್ತಾರೆ?
ನಾರನ್ನು ಪ್ಲಾಸ್ಟಿಕ್ ಎಳೆಗಳ ಜೊತೆ ಬೆರೆಸಿ ಚಾಪೆಯಂತೆ ಮಾಡುತ್ತಾರೆ. ಕಾಯಿಸಿದಾಗ ಪ್ಲಾಸ್ಟಿಕ್ ಕರಗಿ ನಾರನ್ನು ಹಿಡಿದುಕೊಳ್ಳುತ್ತದೆ. ಆಮೇಲೆ ಅಚ್ಚಿನಲ್ಲಿಟ್ಟು ಒತ್ತಿದರೆ ಬಾಗಿಲಿನ ಒಳಹಲಗೆ ರೆಡಿ. ಫೋರ್ಡ್ ಕಂಪನಿ 2013ರ ಎಸ್ಕೇಪ್ ಕಾರಿನ ಬಾಗಿಲಿನ ಒಳಭಾಗಕ್ಕೆ ಇದನ್ನು ಬಳಸಿ, ಆ ಭಾಗದ ತೂಕ ಶೇ 25ರಷ್ಟು ಇಳಿದಿದೆ ಎಂದಿತ್ತು. ಬಿಎಂಡಬ್ಲ್ಯು ಐ3 ಎಲೆಕ್ಟ್ರಿಕ್ ಕಾರಿನಲ್ಲೂ ಕೆನಾಫ್ ಇತ್ತು.

ಇಡೀ ಕಾರಿಗೆ ಆಗುತ್ತಾ?
ಆಗಲ್ಲ. ಈ ನಾರು ತೇವ ಹೀರುತ್ತದೆ. ಡಿಕ್ಕಿಯಾದಾಗ ಹೊಡೆತ ತಡೆಯುವ ಚಾಸಿಗೆ ಉಕ್ಕೇ ಗತಿ, ಇಲ್ಲವೇ ಅಲ್ಯೂಮಿನಿಯಂ. ಪುಂಡಿಗೆ ಜಾಗ ಒಳಗಿನ ಹಲಗೆಗಳಲ್ಲಿ ಮಾತ್ರ.

ಹಂಗಾದ್ರೆ ಪುಂಡಿ ಹಾಕಬಹುದಾ?
ಪಲ್ಯಕ್ಕೆ ಹಾಕಿ, ತಂಟೆಯಿಲ್ಲ. ನಾರಿಗೆಂದು ಎಕರೆಗಟ್ಟಲೆ ಹಾಕುವ ಮುಂಚೆ ಎರಡು ವಿಷಯ ನೋಡಬೇಕು.

ಒಂದು, ಕೊಳ್ಳುವವರು. ಭತ್ತದಂತೆ ಚೀಲ ತುಂಬಿ ಮಾರುಕಟ್ಟೆಗೆ ಒಯ್ದರೆ ಹೋಗುವ ಮಾಲಲ್ಲ. ಆಂಧ್ರದ ವಿಜಯನಗರಂ, ಶ್ರೀಕಾಕುಳಂ ಕಡೆ ಮೇಸ್ತಾ ಬೆಳೆಯುವುದು ಅಲ್ಲಿ ಸೆಣಬಿನ ಮಿಲ್ಲುಗಳಿದ್ದವು ಎಂಬ ಕಾರಣಕ್ಕೆ. 'ಕಾರ್ ಕಂಪನಿ ಖರೀದಿ ಮಾಡುತ್ತೆ' ಎಂದು ಯಾರಾದರೂ ಬೀಜ ಮಾರಲು ಬಂದರೆ, ದರ ಮತ್ತು ಖರೀದಿಯ ಕರಾರು ಬರಹದಲ್ಲಿ ಕೇಳಿ. ಕೊಡದಿದ್ದರೆ ದುಡ್ಡು ಬಿಚ್ಚಬೇಡಿ.

ಎರಡು, ನೀರು. ನಾರು ಬಿಡಿಸಲು ಕಡ್ಡಿಯನ್ನು ಎರಡು-ಮೂರು ವಾರ ನೀರಲ್ಲಿ ಕೊಳೆಸಬೇಕು. ಆ ನೀರು ನಾರುತ್ತದೆ, ಮೀನು ಸಾಯುತ್ತವೆ. ಎಡದಂಡೆ ಕಾಲುವೆಯಲ್ಲಾಗಲಿ, ಕುಡಿಯುವ ನೀರಿನ ಕೆರೆಯಲ್ಲಾಗಲಿ ಈ ಕೆಲಸ ಮಾಡುವಂತಿಲ್ಲ. ಬೇರೆ ಹೊಂಡವೇ ಬೇಕು, ಅದರ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು.

ತಳಿ, ಬಿತ್ತನೆ ಬಗ್ಗೆ ತಿಳಿಯಬೇಕೆಂದರೆ ಊರಿನ ರೈತ ಸಂಪರ್ಕ ಕೇಂದ್ರದಲ್ಲಿ ಇಲ್ಲವೇ ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ, ಆಮೇಲೆ ಮುಂದುವರಿಯಿರಿ.