ಬೋಯರು, ಬೇಡರು, ನಾಯಕರು: ಒಂದು ಯೋಧ ಸಮುದಾಯದ ಹುಟ್ಟು ಮತ್ತು ಬೆಳವಣಿಗೆ

ತೆಲುಗಿನಲ್ಲಿ ಬೋಯರು, ಕನ್ನಡದಲ್ಲಿ ಬೇಡರು, ಹಳ್ಳಿಯ ಬಾಯಲ್ಲಿ ಬ್ಯಾಡರು, ಸರ್ಕಾರಿ ಕಾಗದಗಳಲ್ಲಿ ನಾಯಕ ಅಥವಾ ವಾಲ್ಮೀಕಿ ಎಂದು ಕರೆಸಿಕೊಳ್ಳುವ ಸಮುದಾಯ ದಖ್ಖನಿನ ಯುದ್ಧಚರಿತ್ರೆಯಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಕರ್ನೂಲು, ಅನಂತಪುರ, ಬಳ್ಳಾರಿ, ಚಿತ್ರದುರ್ಗ, ರಾಯಚೂರು, ಯಾದಗಿರಿ, ತುಮಕೂರು ಜಿಲ್ಲೆಗಳ ಒಣಸೀಮೆ ಇವರ ಮುಖ್ಯ ನೆಲೆ. ದಕ್ಷಿಣದಲ್ಲಿ ಮೈಸೂರು, ಚಾಮರಾಜನಗರದವರೆಗೂ ಇವರ ಊರುಗಳಿವೆ. ಇವರಲ್ಲಿ ತೆಲುಗು ಮನೆಮಾತಿನವರೂ ಇದ್ದಾರೆ, ಕನ್ನಡ ಮನೆಮಾತಿನವರೂ ಇದ್ದಾರೆ. ಮೈಸೂರು ಗೆಜೆಟಿಯರ್ ಬರೆದ ಬಿ. ಎಲ್. ರೈಸ್ 19ನೇ ಶತಮಾನದಲ್ಲಿ ಈ ಎರಡು ಕವಲುಗಳನ್ನು ಬೇರೆಬೇರೆಯಾಗಿಯೇ ಗುರುತಿಸಿದ. ಆಗ ಅವುಗಳ ನಡುವೆ ಊಟದ ಬಳಕೆಯಾಗಲಿ ಹೆಣ್ಣು ಕೊಟ್ಟು ತರುವ ಸಂಬಂಧವಾಗಲಿ ಇರಲಿಲ್ಲ. ಆದರೂ ಎರಡೂ ಕವಲುಗಳ ಕಸುಬು ಒಂದೇ ಆಗಿತ್ತು: ಬೇಟೆ, ಕಾವಲು, ಸೈನ್ಯದ ಚಾಕರಿ.

ಶಾಸನಗಳಲ್ಲಿ ಬೋಯರು

ಬೋಯರ ಬಗ್ಗೆ ಸಿಗುವ ಹಳೆಯ ದಾಖಲೆಗಳಲ್ಲಿ ಮುಖ್ಯವಾದದ್ದು ಆಂಧ್ರದ ಅದ್ದಂಕಿ ಶಾಸನ. ಇದು 9ನೇ ಶತಮಾನದ್ದು. ವೇಂಗಿಯ ಪೂರ್ವ ಚಾಲುಕ್ಯ ದೊರೆ ಗುಣಗ ವಿಜಯಾದಿತ್ಯನ ಸೇನಾಪತಿ ಪಂಡರಂಗ ಬೋಯರ ಹನ್ನೆರಡು ‘ಕೊಟ್ಟ’ಗಳನ್ನು, ಎಂದರೆ ನೆಲೆಗಳನ್ನು, ಗೆದ್ದುದನ್ನು ಅದು ಹೊಗಳುತ್ತದೆ. ತೆಲುಗಿನ ಅತಿ ಹಳೆಯ ಪದ್ಯಶಾಸನಗಳಲ್ಲಿ ಇದೂ ಒಂದಾದ್ದರಿಂದ ಸಾಹಿತ್ಯಚರಿತ್ರೆಯಲ್ಲೂ ಇದಕ್ಕೆ ಹೆಸರಿದೆ. ಬೋಯರ ಚರಿತ್ರೆಗೆ ಇದರಿಂದ ತಿಳಿಯುವುದು ಇಷ್ಟು: ಸುಮಾರು ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ಅವರಿಗೆ ತಮ್ಮದೇ ನೆಲೆಗಳಿದ್ದವು, ಅವನ್ನು ಹಿಡಿಯಲು ಒಂದು ರಾಜ್ಯ ದಂಡೆತ್ತಿ ಹೋಗಬೇಕಾಗಿತ್ತು.

ಕನ್ನಡನಾಡಿನಲ್ಲಿ ಬೇಡರ ಹೆಸರು ವೀರಗಲ್ಲುಗಳಲ್ಲಿ ಬರುತ್ತದೆ. ಹಿಂಡಿನ ದನಗಳನ್ನು ಹೊಡೆದುಕೊಂಡು ಹೋಗುವ ತುರುಗೋಳಿನ ಕಾಳಗಗಳಲ್ಲಿ ಸತ್ತವರಿಗೆ ನಿಲ್ಲಿಸಿದ ಕಲ್ಲುಗಳು ನಾಡಿನ ತುಂಬ ಇವೆ. ದನವೇ ಸಂಪತ್ತಾಗಿದ್ದ ಕಾಲದಲ್ಲಿ ಬೇಟೆ ಬಲ್ಲವನು ಕಾಳಗಕ್ಕೂ ಬೇಕಾದವನಾಗಿದ್ದ. ಬೇಟೆಗೂ ಯುದ್ಧಕ್ಕೂ ಇದ್ದ ಈ ನಂಟನ್ನು ಮಂಡ್ಯ ಸೀಮೆಯ ಕಲ್ಲೊಂದು ಸ್ಪಷ್ಟವಾಗಿ ತೋರಿಸುತ್ತದೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ ಕ್ರಿ.ಶ. 949-50ರ ವೀರಗಲ್ಲು ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ಚೋಳರನ್ನು ತಕ್ಕೋಲದಲ್ಲಿ ಸೋಲಿಸಿದ್ದನ್ನು ಹೇಳುತ್ತದೆ. ಆ ಯುದ್ಧದಲ್ಲಿ ಮೆರೆದ ಮಣಲೇರ ದೊರೆಯಿಂದ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಹಂದಿಯೊಡನೆ ಕಾದಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಕಲ್ಲು ನಿಂತದ್ದು ಅದರ ನೆನಪಿಗೆ. ಮಣಲೇರ ಬೇಡರವನಲ್ಲ. ಆದರೆ ಬೇಟೆಯ ಕೌಶಲಕ್ಕೆ ರಣರಂಗದ ಗೌರವ ಸಿಗುತ್ತಿದ್ದ ಆ ಕಾಲದಲ್ಲಿ, ಬೇಟೆಯನ್ನೇ ಬದುಕಾಗಿಸಿಕೊಂಡಿದ್ದ ಜನ ಸೈನ್ಯಕ್ಕೆ ಸೇರಿದ್ದು ಏಕೆಂಬುದನ್ನು ಈ ಕಲ್ಲು ತಿಳಿಸಿಕೊಡುತ್ತದೆ.

ವಾಲ್ಮೀಕಿ ಮತ್ತು ಕಣ್ಣಪ್ಪ

ಸಮುದಾಯ ತನ್ನ ಮೂಲವನ್ನು ರಾಮಾಯಣದ ಕರ್ತೃ ವಾಲ್ಮೀಕಿಯಲ್ಲಿ ಕಾಣುತ್ತದೆ. ಬೇಡನಾಗಿದ್ದವನು ತಪಸ್ಸಿನಿಂದ ಋಷಿಯಾದ ಎಂಬ ಕಥೆ ಇದಕ್ಕೆ ಆಧಾರ. ಚಿತ್ರದುರ್ಗದ ಅರಸರು ವಾಲ್ಮೀಕಿ ಗೋತ್ರದವರೆಂದೇ ತಮ್ಮನ್ನು ಹೇಳಿಕೊಂಡರು. ಇನ್ನೊಬ್ಬ ಪೂರ್ವಿಕ ಶಿವನಿಗೆ ತನ್ನ ಕಣ್ಣನ್ನೇ ಕಿತ್ತುಕೊಟ್ಟ ಬೇಡರ ಕಣ್ಣಪ್ಪ. ಅವನ ಕಥೆ ನಡೆಯುವುದು ತೆಲುಗು ನಾಡಿನ ಶ್ರೀಕಾಳಹಸ್ತಿಯಲ್ಲಿ. ತಮಿಳಿನಲ್ಲಿ ಸೇಕ್ಕಿಳಾರ್, ಕನ್ನಡದಲ್ಲಿ ಹರಿಹರ ಅದನ್ನು ಕಾವ್ಯವಾಗಿಸಿದರು. 1954ರಲ್ಲಿ ತೆರೆಕಂಡ ‘ಬೇಡರ ಕಣ್ಣಪ್ಪ’ ಚಿತ್ರದಿಂದ ರಾಜ್‌ಕುಮಾರ್ ನಾಯಕನಟರಾದರು. ಕಣ್ಣಪ್ಪನ ಕಥೆ ಮೂರು ಭಾಷೆಗಳ ನೆಲದಲ್ಲಿ ಹರಡಿರುವುದಕ್ಕೂ ಸಮುದಾಯ ಭಾಷೆಯ ಗಡಿಗಳನ್ನು ದಾಟಿ ನೆಲೆಸಿರುವುದಕ್ಕೂ ಹೊಂದಿಕೆ ಇದೆ.

ಊರು ಮತ್ತು ಮ್ಯಾಸ

ಬೇಡರಲ್ಲಿ ಊರು ಬೇಡರು, ಮ್ಯಾಸ ಬೇಡರು ಎಂಬ ಎರಡು ದೊಡ್ಡ ಪಂಗಡಗಳಿವೆ. ಊರು ಬೇಡರು ಹಳ್ಳಿಗಳಲ್ಲಿ ನೆಲೆನಿಂತು ಬೇಸಾಯ, ತಳವಾರಿಕೆ, ಸೈನ್ಯದ ಕೆಲಸ ಮಾಡಿದವರು. ಮ್ಯಾಸ ಬೇಡರು ಅಥವಾ ಮ್ಯಾಸ ನಾಯಕರು ಹುಲ್ಲುಗಾವಲಿನ ಅಂಚಿನ ಹಟ್ಟಿಗಳಲ್ಲಿ ದನ ಸಾಕಿದವರು. ಮೊಳಕಾಲ್ಮೂರು, ಚಳ್ಳಕೆರೆ ತಾಲ್ಲೂಕುಗಳಲ್ಲಿ ಇವರ ಸಂಖ್ಯೆ ಹೆಚ್ಚು.

ಮ್ಯಾಸ ನಾಯಕರ ಆಚರಣೆಗಳು ನೆರೆಯವರಿಗಿಂತ ಬೇರೆ. ಹೆಂಡ ಇಳಿಸುವ ಈಚಲು ಮರವನ್ನು ಅವರು ಮುಟ್ಟುತ್ತಿರಲಿಲ್ಲ. ಕೋಳಿ ಅವರ ಹಟ್ಟಿಗೆ ನಿಷಿದ್ಧವಾಗಿತ್ತು. ಹುಡುಗರಿಗೆ ಮುಂದೊಗಲು ತೆಗೆಯುವ ಪದ್ಧತಿಯೂ ಇತ್ತೆಂದು ರೈಸ್ ಮತ್ತು ಎಡ್ಗರ್ ಥರ್ಸ್ಟನ್ ದಾಖಲಿಸಿದ್ದಾರೆ. ಅವರ ದೇವರುಗಳಲ್ಲಿ ಗಾದ್ರಿ ಪಾಲನಾಯಕನಂಥ ಪಶುಪಾಲಕ ವೀರರಿದ್ದಾರೆ. ಅಂಥ ದೇವರ ಹೆಸರಿಗೆ ಬಿಟ್ಟ ‘ದೇವರ ಎತ್ತು’ಗಳ ಹಿಂಡುಗಳನ್ನು ಕಿಲಾರಿಗಳು ಇಂದಿಗೂ ಕಾಯುತ್ತಾರೆ. ಆ ಎತ್ತುಗಳನ್ನು ನೊಗಕ್ಕೆ ಹೂಡುವುದಿಲ್ಲ, ಮಾರುವುದಿಲ್ಲ. ಯುದ್ಧದ ಕೀರ್ತಿಯೆಲ್ಲ ಕೋಟೆಗಳಿಗೆ ಸೇರಿದರೂ ಸಮುದಾಯದ ಹಳೆಯ ಬದುಕಿನ ನೆನಪು ಉಳಿದಿರುವುದು ಈ ಹಟ್ಟಿಗಳಲ್ಲಿ.

ಕಾವಲಿನಿಂದ ಪಾಳೆಯಪಟ್ಟಿಗೆ

ವಿಜಯನಗರದ ಕಾಲದಲ್ಲಿ ಸಮುದಾಯದ ಸ್ಥಿತಿ ಬದಲಾಯಿತು. ಅರಸನಿಂದ ಸೀಮೆಯೊಂದನ್ನು ಪಡೆದವನು ಅದರ ಆದಾಯದಲ್ಲಿ ಇಷ್ಟು ಕಾಲಾಳು, ಇಷ್ಟು ಕುದುರೆ ಎಂದು ಸಾಕಿ, ಕರೆ ಬಂದಾಗ ದಂಡಿಗೆ ಕಳಿಸಬೇಕಿತ್ತು. ಹೀಗೆ ಪಡೆ ಸಾಕಿದವನು ನಾಯಕ. ಆ ಪದವಿ ಒಂದೇ ಜಾತಿಯ ಸ್ವತ್ತಾಗಿರಲಿಲ್ಲ. ಮಧುರೆಯ ನಾಯಕರು ತೆಲುಗು ಬಲಿಜರು, ಕೆಳದಿಯ ನಾಯಕರು ಲಿಂಗಾಯತರು. ಒಣಸೀಮೆಯ ಗುಡ್ಡಗಾಡಿನಲ್ಲಿ ಈ ಪದವಿ ಬಹುಮಟ್ಟಿಗೆ ಬೇಡರ ಪಾಲಿಗೆ ಬಂತು. ಅಲ್ಲಿ ದಾರಿ ಕಾಯುವುದಕ್ಕೂ ಕಣಿವೆ ಕಟ್ಟುವುದಕ್ಕೂ ಆ ನೆಲ ಬಲ್ಲವರೇ ಬೇಕಿತ್ತು.

1565ರ ರಕ್ಕಸತಂಗಡಿ ಯುದ್ಧದಲ್ಲಿ ವಿಜಯನಗರ ಸೋತ ನಂತರ ಮೇಲಿನ ಹಿಡಿತ ಸಡಿಲವಾಯಿತು. ಕಪ್ಪ ಕೊಡುತ್ತಿದ್ದ ನಾಯಕರು ತಮ್ಮ ಬೆಟ್ಟಗಳಿಗೆ ಕೋಟೆ ಕಟ್ಟಿಕೊಂಡು ಪಾಳೆಯಗಾರರಾದರು. ಚಿತ್ರದುರ್ಗ, ಹರಪನಹಳ್ಳಿ, ಕನಕಗಿರಿ, ಜರಿಮಲೆ, ಗುಡೇಕೋಟೆ, ಸುರಪುರ ಹೀಗೆ ತಲೆಯೆತ್ತಿದ ಬೇಡ ಪಾಳೆಯಪಟ್ಟುಗಳು. ಪಾಳೆಯಗಾರನ ಸುತ್ತ ಅವನ ಬೆಡಗಿನ (ಒಳಕುಲದ) ನಂಟರು ಸೇರಿದರು. ಹಳ್ಳಿಯ ತಳವಾರ ಕಾವಲು ನೋಡಿಕೊಂಡ, ಯುದ್ಧದ ಕರೆ ಬಂದಾಗ ಉಳುವವನು ನೇಗಿಲು ಬಿಟ್ಟು ಬಂದೂಕು ಹಿಡಿದ. ‘ಬೇಡ’ ಎಂಬ ಕಸುಬಿನ ಗುರುತು ‘ನಾಯಕ’ ಎಂಬ ಅಧಿಕಾರದ ಗುರುತಾದದ್ದು ಈ ಕಾಲದಲ್ಲಿ.

ಚಿತ್ರದುರ್ಗ

ಈ ಮನೆತನಗಳಲ್ಲಿ ಹೆಚ್ಚು ಹೆಸರಾದದ್ದು ಚಿತ್ರದುರ್ಗದ ಕಾಮಗೇತಿ ವಂಶ. ವಂಶದ ಕಥನದ ಪ್ರಕಾರ ಪೂರ್ವಿಕರು ತಿರುಪತಿ ಕಡೆಯ ಜಡಿಕಲ್ಲುದುರ್ಗದಿಂದ ಹೊರಟು ನೀರ್ಥಡಿಯಲ್ಲಿ ನೆಲೆನಿಂತವರು. 16ನೇ ಶತಮಾನದ ಮತ್ತಿ ತಿಮ್ಮಣ್ಣನಾಯಕ ವಿಜಯನಗರದಿಂದ ಮೊದಲು ಹೊಳಲ್ಕೆರೆಯ ಸೀಮೆಯನ್ನು, ಮುಂದೆ ಚಿತ್ರದುರ್ಗವನ್ನು ಪಡೆದ. ತೆಲುಗು ಸೀಮೆಯಿಂದ ಬಂದ ಮನೆತನ ಎರಡು ಶತಮಾನಗಳಲ್ಲಿ ಕನ್ನಡದ ಅರಸುಮನೆತನವಾಗಿ ಬೆಳೆಯಿತು.

1689ರಿಂದ 1721ರವರೆಗೆ ಆಳಿದ ಬಿಚ್ಚುಗತ್ತಿ ಭರಮಣ್ಣನಾಯಕ ಯುದ್ಧದಷ್ಟೇ ನೀರಿಗೂ ಮನಸ್ಸು ಕೊಟ್ಟ. ಭರಮಸಾಗರದ ಕೆರೆ ಅವನ ಹೆಸರನ್ನು ಉಳಿಸಿದೆ. ಮುರುಘಾ ಮಠಕ್ಕೂ ಅವನ ಆಶ್ರಯ ಸಿಕ್ಕಿತು. ಬೆಟ್ಟದ ಮೇಲೆ ಬಿದ್ದ ಮಳೆಯನ್ನು ಹೊಂಡದಿಂದ ಹೊಂಡಕ್ಕೆ ಇಳಿಸಿ ಹಿಡಿದಿಡುವ ಏರ್ಪಾಡು ಇದ್ದುದರಿಂದ ಏಳು ಸುತ್ತಿನ ಕೋಟೆ ಉದ್ದನೆಯ ಮುತ್ತಿಗೆಗಳನ್ನು ತಾಳಿಕೊಂಡಿತು. 1748ರಲ್ಲಿ ಮಾಯಕೊಂಡದ ಕಾಳಗದಲ್ಲಿ ಆಗಿನ ಮದಕರಿನಾಯಕ ಮಡಿದ.

ಕೊನೆಯ ಮದಕರಿನಾಯಕ ಮೊದಲು ಹೈದರಾಲಿಯ ದಂಡಯಾತ್ರೆಗಳಿಗೆ ಪಡೆಯೊಂದಿಗೆ ನೆರವಾದವನು. ಮರಾಠರು ಮತ್ತು ಹೈದರನ ನಡುವೆ ಸಿಕ್ಕಿಬಿದ್ದ ಸಣ್ಣ ರಾಜ್ಯಕ್ಕೆ ಯಾರ ಕಡೆ ನಿಂತರೂ ಅಪಾಯವಿತ್ತು. ಸಂಬಂಧ ಮುರಿದ ಮೇಲೆ ಹೈದರ್ ಮತ್ತೆ ಮತ್ತೆ ಮುತ್ತಿಗೆ ಹಾಕಿದ. ಕಿಂಡಿಯಲ್ಲಿ ನುಸುಳಿದ ಸೈನಿಕರನ್ನು ಒನಕೆಯಿಂದ ಹೊಡೆದ ಓಬವ್ವನ ಕಥೆ ಈ ಮುತ್ತಿಗೆಗಳ ಕಾಲದ್ದು. ಓಬವ್ವ ನಾಯಕ ಸಮುದಾಯದವಳಲ್ಲ, ಛಲವಾದಿ ಸಮುದಾಯದವಳು. ದುರ್ಗವನ್ನು ಕಾದವರು ಒಂದೇ ಜಾತಿಯವರಾಗಿರಲಿಲ್ಲ ಎಂಬುದಕ್ಕೆ ಅವಳೇ ಸಾಕ್ಷಿ. 1779ರಲ್ಲಿ ಕೋಟೆ ಬಿತ್ತು. ಆ ಪತನವನ್ನು ಕುರಿತ ತ. ರಾ. ಸುಬ್ಬರಾಯರ ಕಾದಂಬರಿ ‘ದುರ್ಗಾಸ್ತಮಾನ’ಕ್ಕೆ 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಶ್ರೀರಂಗಪಟ್ಟಣಕ್ಕೆ ಬಂದ ಬೇಡರು

ಚಿತ್ರದುರ್ಗದ ಕಥೆ ಮುಂದುವರಿಯುವುದು ಇಂದಿನ ಮಂಡ್ಯ ಜಿಲ್ಲೆಯ ನೆಲದಲ್ಲಿ. ಮದಕರಿನಾಯಕನೂ ಅವನ ಮನೆಯವರೂ ಸೆರೆಯಾಳುಗಳಾಗಿ ಶ್ರೀರಂಗಪಟ್ಟಣಕ್ಕೆ ಬಂದರು. ಅವರ ಜೊತೆಗೆ ದುರ್ಗದ ಸೀಮೆಯ ಸುಮಾರು 20,000 ಬೇಡರನ್ನು ಹೈದರ್ ಕಾವೇರಿಯ ನಡುಗಡ್ಡೆಗೆ ಸಾಗಿಸಿದನೆಂದು ಮೈಸೂರಿನ ಇತಿಹಾಸ ಬರೆದ ಬ್ರಿಟಿಷರು ದಾಖಲಿಸಿದ್ದಾರೆ. ಬೆಟ್ಟ, ಕುರುಚಲು ಕಾಡು ಬಿಟ್ಟು ಬೇರೆ ಗೊತ್ತಿರದ ಜನ ಗದ್ದೆ, ನಾಲೆಗಳ ಸೀಮೆಗೆ ಬಂದರು.

ಸೆರೆಸಿಕ್ಕ ಹುಡುಗರನ್ನು ಆರಿಸಿ, ಇಸ್ಲಾಮಿಗೆ ಸೇರಿಸಿ, ಕವಾಯತು ಕಲಿಸಿ ಕಟ್ಟಿದ ದಳಗಳಿಗೆ ಚೇಲಾ ಪಡೆ ಎಂದು ಹೆಸರಾಯಿತು. ಟಿಪ್ಪುವಿನ ಕಾಲದಲ್ಲಿ ಆ ಪಡೆ ಇನ್ನಷ್ಟು ಬೆಳೆಯಿತು. ಇದರ ಹಿಂದೆ ರಾಜಕೀಯ ಲೆಕ್ಕಾಚಾರವಿತ್ತು. ಬೆಡಗಿನ ನಂಟಿನಿಂದ ಪಾಳೆಯಗಾರನಿಗೆ ಕಟ್ಟುಬಿದ್ದಿದ್ದ ಯೋಧರು ಆ ನಂಟು ಕಡಿದ ಮೇಲೆ ಸುಲ್ತಾನನೊಬ್ಬನಿಗೇ ನಿಷ್ಠರಾಗಬೇಕಿತ್ತು. ಒತ್ತಾಯವಿಲ್ಲದೆ ಸೇರಿದ ಬೇಡರೂ ಹೈದರ್ ಮತ್ತು ಟಿಪ್ಪುವಿನ ಕಾಲಾಳುಪಡೆಯಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದರು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಆ ಸೈನ್ಯ ಚದುರಿಹೋಯಿತು. ಮೈಸೂರು ಸಂಸ್ಥಾನದಲ್ಲಿ ಬೇಡರು ಬೇಸಾಯಕ್ಕೆ ತಿರುಗಿದರು, ಪೊಲೀಸು ಮತ್ತು ಕಂದಾಯ ಇಲಾಖೆಗಳಲ್ಲಿ ಜವಾನರಾದರು.

ಸುರಪುರ ಮತ್ತು ಹಲಗಲಿ

ಕೃಷ್ಣೆ ಮತ್ತು ಭೀಮೆಯ ನಡುವಿನ ಸುರಪುರದ ಗೋಸಲ ವಂಶ ಇನ್ನೂ ಹೆಚ್ಚು ಕಾಲ ಉಳಿಯಿತು. 1705ರಲ್ಲಿ ಮುದುಕನಾಗಿದ್ದ ಔರಂಗಜೇಬ್ ತಾನೇ ದಂಡೆತ್ತಿ ಬಂದು ಮುತ್ತಿದ್ದು ಈ ವಂಶದ ಪಿಡ್ಡನಾಯಕನ ವಾಗಿನಗೇರಾ ಕೋಟೆಯನ್ನು. ಮೊಘಲ್ ದೊರೆ ಸ್ವತಃ ನಡೆಸಿದ ಕೊನೆಯ ಮುತ್ತಿಗೆ ಅದು. ಬೇಡರ ಬಂದೂಕಿನ ಗುರಿ ಮೊಘಲರನ್ನು ತಿಂಗಳುಗಟ್ಟಲೆ ತಡೆಯಿತು. ಮರಾಠರ ಪಡೆಯೂ ನೆರವಿಗೆ ಬಂತು. ಕೊನೆಗೆ ನಾಯಕ ತನ್ನ ಜನರೊಂದಿಗೆ ತಪ್ಪಿಸಿಕೊಂಡ, ಮೊಘಲರಿಗೆ ದಕ್ಕಿದ್ದು ಬರಿದಾದ ಕೋಟೆ.

19ನೇ ಶತಮಾನದಲ್ಲಿ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಸುರಪುರದ ಆಡಳಿತ ನೋಡಿಕೊಂಡು ಬಾಲಕ ದೊರೆ ವೆಂಕಟಪ್ಪನಾಯಕನನ್ನು ಬೆಳೆಸಿದ. ಅದೇ ವೆಂಕಟಪ್ಪನಾಯಕ 1858ರ ಫೆಬ್ರವರಿಯಲ್ಲಿ ಬ್ರಿಟಿಷರ ವಿರುದ್ಧ ಎದ್ದ. ಸೆರೆಸಿಕ್ಕು ಶಿಕ್ಷೆಗೆ ಗುರಿಯಾಗಿ, ಸಾಗಿಸುವ ದಾರಿಯಲ್ಲಿ ಗುಂಡೇಟಿನಿಂದ ಸತ್ತ. ಸುರಪುರ ನಿಜಾಮನ ಪಾಲಾಯಿತು.

ಇದಕ್ಕೆ ಕೆಲವೇ ತಿಂಗಳ ಮುಂಚೆ, 1857ರ ನವೆಂಬರಿನಲ್ಲಿ, ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧಗಳನ್ನು ಒಪ್ಪಿಸಬೇಕೆಂಬ ಬ್ರಿಟಿಷ್ ಕಾನೂನನ್ನು ಧಿಕ್ಕರಿಸಿದರು. ಅವರಿಗೆ ಕತ್ತಿ, ಬಂದೂಕು ಬೇಟೆಯ ಸಾಧನವೂ ಹೌದು, ಮರ್ಯಾದೆಯೂ ಹೌದು. ಊರಿಗೆ ಬೆಂಕಿ ಬಿತ್ತು, ಹಿಡಿದವರನ್ನು ಗಲ್ಲಿಗೇರಿಸಲಾಯಿತು. ಆ ದಂಗೆಯ ಲಾವಣಿಯನ್ನು ಶಾಸನತಜ್ಞ ಜೆ. ಎಫ್. ಫ್ಲೀಟ್ ಸಂಗ್ರಹಿಸಿ ಪ್ರಕಟಿಸಿದ.

ಆಯುಧ ಹೋದ ಮೇಲೆ

ಪಾಳೆಯಪಟ್ಟುಗಳು ಅಳಿದಾಗ ಸಮುದಾಯಕ್ಕೆ ಅಧಿಕಾರದ ಜೊತೆಗೆ ಅನ್ನದ ದಾರಿಯೂ ತಪ್ಪಿತು. ಕಾವಲಿನ ಹಕ್ಕು ಪೊಲೀಸರಿಗೆ ಹೋಯಿತು, ಕಾಡು ಅರಣ್ಯ ಇಲಾಖೆಗೆ ಸೇರಿತು. ಮದ್ರಾಸ್ ಪ್ರಾಂತ್ಯದ ಕೆಲವು ಕಡೆ ಬೋಯರನ್ನು ‘ಅಪರಾಧಿ ಬುಡಕಟ್ಟು’ಗಳ ಪಟ್ಟಿಗೆ ಸೇರಿಸಲಾಯಿತು. ತಲೆಮಾರುಗಳಿಂದ ಊರು ಕಾದವರ ಮೇಲೆ ಕಳ್ಳರೆಂಬ ಹಣೆಪಟ್ಟಿ ಬಿದ್ದದ್ದು ಈ ಚರಿತ್ರೆಯ ದೊಡ್ಡ ಅನ್ಯಾಯ. ಸ್ವಾತಂತ್ರ್ಯದ ನಂತರ, 1952ರಲ್ಲಿ, ಆ ಪಟ್ಟಿಗೆ ಆಧಾರವಾಗಿದ್ದ ಅಪರಾಧಿ ಬುಡಕಟ್ಟು ಕಾನೂನು ದೇಶದಾದ್ಯಂತ ರದ್ದಾಯಿತು.

ಇಂದು ಕರ್ನಾಟಕದ ಪರಿಶಿಷ್ಟ ಪಂಗಡಗಳಲ್ಲಿ ನಾಯಕರದೇ ಅತಿ ದೊಡ್ಡ ಸಮುದಾಯ. ನಾಯಕ ಎಂಬ ಹೆಸರಿನ ಜೊತೆಗೆ ಬೇಡ, ವಾಲ್ಮೀಕಿ ಹೆಸರುಗಳಿಗೂ ಈ ಸ್ಥಾನ ದೊರೆತದ್ದು 1991ರಲ್ಲಿ. ಪರಿವಾರ ಮತ್ತು ತಳವಾರ ಹೆಸರುಗಳನ್ನು 2020ರಲ್ಲಿ ಸಂಸತ್ತು ಸೇರಿಸಿತು. ಹರಿಹರ ತಾಲ್ಲೂಕಿನ ರಾಜನಹಳ್ಳಿಯ ವಾಲ್ಮೀಕಿ ಗುರುಪೀಠ ಸಮುದಾಯದ ಕೇಂದ್ರವಾಗಿ ಬೆಳೆದಿದೆ. ಪರಿಶಿಷ್ಟ ಪಂಗಡಗಳ ಮೀಸಲಾತಿಯನ್ನು ಶೇ. 3ರಿಂದ ಶೇ. 7ಕ್ಕೆ ಏರಿಸಬೇಕೆಂಬ ಬೇಡಿಕೆಯಲ್ಲಿ ಈ ಪೀಠ ಮುಂದೆ ನಿಂತಿತು. 2022ರಲ್ಲಿ ರಾಜ್ಯ ಸರ್ಕಾರ ಅದನ್ನು ಒಪ್ಪಿತು.

ಗಡಿಯಾಚೆ ಆಂಧ್ರದ ಬಯಲು ಜಿಲ್ಲೆಗಳಲ್ಲಿ ಇದೇ ವಾಲ್ಮೀಕಿ ಬೋಯರು ಹಿಂದುಳಿದ ವರ್ಗದಲ್ಲಿದ್ದಾರೆ. ಏಜೆನ್ಸಿ ಎಂದು ಕರೆಯುವ ಬುಡಕಟ್ಟು ಪ್ರದೇಶದ ವಾಲ್ಮೀಕಿಗಳಿಗೆ ಮಾತ್ರ ಅಲ್ಲಿ ಪರಿಶಿಷ್ಟ ಪಂಗಡದ ಸ್ಥಾನವಿದೆ. ಬಳ್ಳಾರಿ ಕಡೆಯ ಮನೆಗೂ ಅನಂತಪುರದ ಕಡೆಯ ಮನೆಗೂ ನೆಂಟಸ್ತನ ಇರಬಹುದು, ಆದರೆ ಶಾಲೆ, ಕೆಲಸ, ಚುನಾವಣೆಯ ಮೀಸಲು ಎರಡೂ ಕಡೆ ಬೇರೆ. ಬೇಟೆ, ದನಗಾಹಿ, ಕಾವಲು, ದಂಡು ಎಂಬ ನಾಲ್ಕು ಕಸುಬುಗಳ ಸುತ್ತ ಎರಡು ಭಾಷೆಗಳ ನೆಲದಲ್ಲಿ ರೂಪುಗೊಂಡ ಸಮುದಾಯವನ್ನು ಭಾಷಾವಾರು ರಾಜ್ಯಗಳ ಗಡಿ ಎರಡು ಬಗೆಯ ಪ್ರಜೆಗಳಾಗಿ ವಿಂಗಡಿಸಿದೆ. ಆಂಧ್ರದ ಬೋಯರು ಕರ್ನಾಟಕದ ನಾಯಕರಿಗೆ ಸಿಕ್ಕ ಸ್ಥಾನವನ್ನು ತಮಗೂ ಕೇಳುತ್ತಿರುವುದರ ಹಿಂದೆ ಈ ಹಂಚಿಕೊಂಡ ಚರಿತ್ರೆ ಇದೆ.