ಅಜ್ಜಿಗೆ ನಮಸ್ಕಾರ ಮಾಡು

ಪ್ರತಿ ಶನಿವಾರ ರಾತ್ರಿ ಒಂಬತ್ತಕ್ಕೆ, ಅಂದರೆ ಶಿವಮೊಗ್ಗದಲ್ಲಿ ಭಾನುವಾರ ಬೆಳಿಗ್ಗೆ ತಿಂಡಿಯ ಹೊತ್ತಿಗೆ, ಬರ್ಕ್ಲಿಯ ನಮ್ಮ ಮನೆಯಿಂದ ಅಮ್ಮನಿಗೆ ಫೋನ್ ಹೋಗುವುದು ಬಹಳ ವರ್ಷಗಳ ಪದ್ಧತಿ. "ತಿಂಡಿ ಆಯ್ತಾ?", "ಮಳೆ ಹೇಗೆ?", "ಅಲ್ಲಿ ಚಳಿಯಾ?" ಎಂಬ ಮೂರು ಪ್ರಶ್ನೆಗಳ ಸುತ್ತ ಅರ್ಧ ಗಂಟೆ ಹೇಗೆ ಕಳೆಯುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ಈಗ ಎರಡು ವರ್ಷದಿಂದ ಅಮ್ಮನಿಗೆ ಕಿವಿ ತೀರಾ ಮಂದ. ಕಿವಿಗೆ ಯಂತ್ರ ಹಾಕಿಸಿದರೆ "ಗುಂಯ್ ಅನ್ನುತ್ತೆ ಕಣೋ" ಎಂದು ತೆಗೆದು ಡಬ್ಬಿಯಲ್ಲಿಡುತ್ತಾಳೆ. ವಿಡಿಯೋದಲ್ಲಿ ಮುಖವೇನೋ ಕಾಣುತ್ತದೆ, ಮಾತೆಲ್ಲ "ಆಂ? ಆಂ?" ಎಂಬಲ್ಲೇ ಮುಗಿಯುತ್ತದೆ. ಹನ್ನೆರಡು ವರ್ಷದ ನನ್ನ ಮಗಳು "ಹಾಯ್ ಅಜ್ಜಿ" ಎಂದು ಕೈಬೀಸಿ ಜಾರಿಕೊಳ್ಳುವಳು. ಅವಳದೂ ತಪ್ಪಲ್ಲ. ಅರೆಬರೆ ಕನ್ನಡವನ್ನು ಮೂರು ಸಲ ಕೂಗಿ ಹೇಳಲು ಯಾವ ಮಗುವಿಗೆ ಧೈರ್ಯ ಬಂದೀತು?

ಅಮ್ಮನ ಕಣ್ಣು ಮಾತ್ರ ಗಟ್ಟಿ. ಪೊರೆ ತೆಗೆಸಿದ ಮೇಲೆ ವಾರಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬಿಡದೆ ಓದುತ್ತಾಳೆ. ಹಾಗಿದ್ದ ಮೇಲೆ ಮಾತನ್ನೂ ಓದಿಸಬಾರದೇಕೆ ಅನ್ನಿಸಿದ್ದು ಆಗಲೇ, ಮತ್ತು ಆಗಲೇ ನೆನಪಾದದ್ದು ನನ್ನ ವಿದ್ಯಾರ್ಥಿ ದಿನಗಳ ಒಂದು ಹಳೇ ಹುಚ್ಚು.

ನಾನು 1993ರಲ್ಲಿ ಎಂ.ಎಸ್. ಓದಲು ಬರ್ಕ್ಲಿಗೆ ಬಂದಾಗ, ರಾತ್ರಿಯ ಹೊತ್ತು ಲ್ಯಾಬಿನಲ್ಲಿ ಹುಡುಗರು 'ಮಡ್' ಆಡುತ್ತಿದ್ದರು. ಮಡ್ ಅಂದರೆ ಕೆಸರಲ್ಲ, 'ಮಲ್ಟಿ ಯೂಸರ್ ಡಂಜನ್'. ಚಿತ್ರವಿಲ್ಲ, ಸದ್ದಿಲ್ಲ, ಬರೀ ಅಕ್ಷರ. ಉತ್ತರಕ್ಕೆ ಹೋಗು ಎಂದು ಟೈಪ್ ಮಾಡಿದರೆ ಮುಂದಿನ ಕೋಣೆಯ ವರ್ಣನೆ ಬರುತ್ತದೆ. ಅಲ್ಲಿ ಇನ್ನಾವುದೋ ಊರಿನಿಂದ ಬಂದ ನಿಜವಾದ ಮನುಷ್ಯರು ನಿಂತಿರುತ್ತಾರೆ. ಇಂಥ ಮೊದಲ ಆಟವನ್ನು ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ರಾಯ್ ಟ್ರಬ್‌ಷಾ ಶುರು ಮಾಡಿದರು, ರಿಚರ್ಡ್ ಬಾರ್ಟಲ್ ಬೆಳೆಸಿದರು. ನಮ್ಮ ಕೊಲ್ಲಿಯ ಆಚೆ ದಡದಲ್ಲಿ, ಪಾಲೊ ಆಲ್ಟೊದ ಜೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿ, ಪಾವೆಲ್ ಕರ್ಟಿಸ್ 1990ರಲ್ಲಿ 'ಲ್ಯಾಂಬ್ಡಾಮೂ' ತೆರೆದರು. ಅದರ ವಿಶೇಷವೆಂದರೆ ಆಡುವವರೇ ಹೊಸ ಆಜ್ಞೆಗಳನ್ನು ಬರೆದು ಸೇರಿಸಬಹುದಿತ್ತು. ಅಲ್ಲಿ ಆಜ್ಞೆಗೆ 'ವರ್ಬ್', ಅಂದರೆ ಕ್ರಿಯಾಪದ, ಎಂದೇ ಹೆಸರು.

ಯಂತ್ರದ ಮುಂದೆ ಜನಸಾಮಾನ್ಯರನ್ನು ಕೂರಿಸುವ ಚಾಳಿ ಬರ್ಕ್ಲಿಗೆ ಇನ್ನೂ ಹಳೆಯದು. 1973ರಲ್ಲೇ ಇಲ್ಲಿನ ಲಿಯೋಪೋಲ್ಡ್ಸ್ ಎಂಬ ಗ್ರಾಮಫೋನ್ ರೆಕಾರ್ಡಿನ ಅಂಗಡಿಯಲ್ಲಿ 'ಕಮ್ಯುನಿಟಿ ಮೆಮೊರಿ' ಎಂದು ಒಂದು ಟೆಲಿಟೈಪ್ ಯಂತ್ರ ಇಟ್ಟಿದ್ದರು. ಲೀ ಫೆಲ್ಸೆನ್‌ಸ್ಟೈನ್ ಮತ್ತವರ ಗೆಳೆಯರ ಕೆಲಸ ಅದು. 'ಸೇರಿಸು', 'ಹುಡುಕು' ಎಂಬ ಅರ್ಥದ ಎರಡು ಆಜ್ಞೆ ಗೊತ್ತಿದ್ದರೆ ದಾರಿಹೋಕರೂ ಬಳಸಬಹುದಿತ್ತು.

ಇರಲಿ. ಆ ಕಾಲದಲ್ಲಿ ನಾನೂ ಲ್ಯಾಂಬ್ಡಾಮೂ ಹೊಕ್ಕು 'ನಮಸ್ಕಾರ' ಎಂಬ ವರ್ಬ್ ಬರೆದಿದ್ದೆ, ಇಂಗ್ಲಿಷ್ ಅಕ್ಷರಗಳಲ್ಲಿ, ಏಕೆಂದರೆ ಬೇರೆ ಅಕ್ಷರ ಅಲ್ಲಿ ನಡೆಯುತ್ತಿರಲಿಲ್ಲ. ಆಜ್ಞೆ ಚೆನ್ನಾಗಿಯೇ ಓಡಿತು. ನಮಸ್ಕಾರ ಮಾಡಿಸಿಕೊಳ್ಳುವವರು ಮಾತ್ರ ಯಾರೂ ಸಿಗಲಿಲ್ಲ.

ಈ ಸಲ ನಮಸ್ಕಾರ ಮಾಡಿಸಿಕೊಳ್ಳುವವಳು ಇದ್ದಳು. 'ಎವೆನ್ನಿಯಾ' ಎಂಬ ಉಚಿತ ತಂತ್ರಾಂಶವಿದೆ. ಪೈಥಾನ್ ಭಾಷೆಯಲ್ಲಿ ಸ್ವಂತ ಮಡ್ ಕಟ್ಟಿಕೊಳ್ಳಬಹುದು, ಯೂನಿಕೋಡ್ ಇರುವುದರಿಂದ ಕನ್ನಡ ಅಕ್ಷರ ಸಲೀಸಾಗಿ ನಡೆಯುತ್ತದೆ, ಸಾಮಾನ್ಯ ಬ್ರೌಸರಿನಲ್ಲೇ ಆಡಬಹುದು. ಮಗಳು ಶಾಲೆಯಲ್ಲಿ ಪೈಥಾನ್ ಕಲಿಯುತ್ತಿದ್ದಳು, ಭಾನುವಾರದ ಕನ್ನಡ ತರಗತಿಯಲ್ಲಿ ಒತ್ತಕ್ಷರದವರೆಗೆ ಬಂದಿದ್ದಳು. "ತೀರ್ಥಹಳ್ಳಿ ಮನೆ ಕಟ್ಟೋಣವೇನೇ?" ಎಂದೆ. ಮಾರಿಹೋದ ನಮ್ಮ ಹಳೇ ಮನೆಯ ಜಗಲಿ, ನಡುಮನೆ, ಅಡುಗೆಮನೆ, ಬಚ್ಚಲು, ಹಿತ್ತಿಲು ಎಲ್ಲ ಒಂದು ವಾರದಲ್ಲಿ ಅಕ್ಷರದಲ್ಲಿ ಎದ್ದವು. ಶಿವಮೊಗ್ಗದಲ್ಲಿ ನನ್ನ ತಂಗಿ ಅಮ್ಮನ ಟ್ಯಾಬ್‌ಗೆ ಕನ್ನಡ ಕೀಲಿಮಣೆ ಹಾಕಿಕೊಟ್ಟಳು. ಅಮ್ಮ ಒಂದೇ ಬೆರಳಲ್ಲಿ ಕುಟ್ಟಿ ಕಳಿಸಿದ ಮೊದಲ ಮಾತು: "ಬಚ್ಚಲಿಗೆ ದಾರಿ ಅಡುಗೆಮನೆಯಿಂದ ಅಲ್ಲ, ಹಿಂದಿನ ಜಗಲಿಯಿಂದ." ಬಾಗಿಲು ಬದಲಾಯಿಸಿದೆವು.

ಮುಂದಿನ ಕೆಲಸ ಆಜ್ಞೆಗಳದು. ಎವೆನ್ನಿಯಾದಲ್ಲಿ ಒಂದು ಆಜ್ಞೆಗೆ ಮುಖ್ಯವಾಗಿ ಮೂರು ಅಂಗ: ಅದರ ಹೆಸರು, ಬೇಕಿದ್ದರೆ ಅಡ್ಡಹೆಸರುಗಳು, ಮತ್ತು ಅದು ಮಾಡಬೇಕಾದ ಕೆಲಸ. ಬರೆದು ಮುಗಿಸಿದರೆ ಸಾಲದು, ಪಾತ್ರಧಾರಿಯ ಆಜ್ಞೆಗಳ ಗಂಟಿಗೆ ಅದನ್ನು ಸೇರಿಸಲೂ ಬೇಕು. ಮೊದಲ ದಿನ ಮಗಳು ಅದನ್ನೇ ಮರೆತು, ಅಂಥ ಆಜ್ಞೆಯೇ ಇಲ್ಲವೆಂಬ ಉತ್ತರ ಬಂದಾಗ ಅರ್ಧ ಗಂಟೆ ತಲೆ ಕೆರೆದುಕೊಂಡಳು. ಸೇರಿಸಿ 'ರೀಲೋಡ್' ಅಂದರೆ ಆಯಿತು. ಒಳಗಿರುವವರನ್ನು ಹೊರಹಾಕದೆ ಹೊಸ ಆಜ್ಞೆ ಜೀವ ತಳೆಯುತ್ತದೆ.

ಆಮೇಲೆ ಬಂತು ನೋಡಿ, ಕನ್ನಡದ ತಕರಾರು. ಈ ಆಟಗಳೆಲ್ಲ ಇಂಗ್ಲಿಷಿನ ಮನೆಯಲ್ಲಿ ಹುಟ್ಟಿದವು. ಆಜ್ಞೆ ಅಂದರೆ ಮೊದಲ ಪದವೇ ಕ್ರಿಯಾಪದ ಎಂದು ಅವು ನಂಬುತ್ತವೆ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುವ ನೆಂಟ. 'ಅಜ್ಜಿಗೆ ನಮಸ್ಕಾರ ಮಾಡು' ಎಂದು ಟೈಪ್ ಮಾಡಿದರೆ ಯಂತ್ರ 'ಅಜ್ಜಿಗೆ' ಎಂಬ ಆಜ್ಞೆಯನ್ನು ಹುಡುಕುತ್ತಾ ನಿಲ್ಲುತ್ತದೆ. ಇದಕ್ಕೆ ಉಪಾಯ ಎವೆನ್ನಿಯಾದಲ್ಲೇ ಇತ್ತು. ಯಾವ ಆಜ್ಞೆಗೂ ಹೊಂದದ ಸಾಲು ಬಂದಾಗ ಓಡುವ ವಿಶೇಷ ಆಜ್ಞೆಯೊಂದನ್ನು ನಾವೇ ಬರೆದುಕೊಳ್ಳಬಹುದು. ನಮ್ಮದು ಸಾಲನ್ನು ಹಿಂದಿನಿಂದ ಓದುತ್ತದೆ: ಕೊನೆಗೆ ಕ್ರಿಯೆ, ಮೊದಲಿಗೆ ವ್ಯಕ್ತಿ.

ವ್ಯಕ್ತಿಯ ಬಾಲಕ್ಕೆ ವಿಭಕ್ತಿ. ಮಗಳು 'ಗೆ' ಕತ್ತರಿಸಿದಳು. 'ಅಜ್ಜಿಗೆ' ಹೋಗಿ 'ಅಜ್ಜಿ' ಆಯಿತು, ಸಂತೋಷ. 'ಅಮ್ಮನಿಗೆ' ಅಂದಾಗ "ಅಮ್ಮನಿ ಎಂಬುವರು ಇಲ್ಲಿಲ್ಲ" ಎಂದು ಬಂತು. 'ನಿಗೆ' ಎಂಬುದನ್ನು ಮೊದಲು ನೋಡು, ಆಮೇಲೆ 'ಗೆ' ಎಂದೆ. ಆಮೇಲೆ ಗುರುವಿಗೆ 'ವಿಗೆ', ಮರಕ್ಕೆ 'ಕ್ಕೆ'. ಉದ್ದದ ಬಾಲ ಮೊದಲು, ಗಿಡ್ಡದ್ದು ಆಮೇಲೆ. ಚತುರ್ಥಿ ವಿಭಕ್ತಿಯನ್ನು ನಾನು ಬಾಯಿಪಾಠ ಮಾಡಿಸಲು ಹೋದಾಗ ಆಕಳಿಸುತ್ತಿದ್ದ ಹುಡುಗಿ, ಅದೇ ವಿಭಕ್ತಿಗಾಗಿ ಊಟ ಮರೆತು ಕುಳಿತಿದ್ದಳು.

ನಿಜವಾದ ಪೆಟ್ಟು ಬಿದ್ದದ್ದು ಗೌರವದ ಜಾಗದಲ್ಲಿ. ಇಂಥ ಆಟದಲ್ಲಿ ಒಂದು ಕ್ರಿಯೆಗೆ ಮೂರು ಸಾಲು ಬರೆಯಬೇಕು: ಮಾಡಿದವರಿಗೆ ಕಾಣುವುದು, ಮಾಡಿಸಿಕೊಂಡವರಿಗೆ ಕಾಣುವುದು, ಕೋಣೆಯ ಉಳಿದವರಿಗೆ ಕಾಣುವುದು. ಇಂಗ್ಲಿಷಿನಲ್ಲಿ ಎಲ್ಲರೂ 'ಯೂ', ಬರುವವರೆಲ್ಲರಿಗೂ ಒಂದೇ 'ಅರೈವ್ಸ್'. ಕನ್ನಡದಲ್ಲಿ ಬಂದ, ಬಂದಳು, ಬಂದರು, ಬೆಕ್ಕಾದರೆ ಬಂತು. ಮಗಳು ಲೆಕ್ಕಾಚಾರದ ಹುಡುಗಿ. ಪ್ರತಿ ಪಾತ್ರಕ್ಕೂ ವಯಸ್ಸು ಬರೆದಿಟ್ಟು, ದೊಡ್ಡವರಾದರೆ 'ನೀವು', ಚಿಕ್ಕವರಾದರೆ 'ನೀನು' ಎಂದು ನಿಯಮ ಮಾಡಿದಳು. ತಪ್ಪೇನಿದೆ? ತರಗತಿಯಲ್ಲಿ ಹೇಳಿಕೊಟ್ಟದ್ದೇ ಅದು.

ಆ ಶನಿವಾರ ಅವಳು ಜಗಲಿಯಲ್ಲಿ ಅಜ್ಜಿಗೆ ನಮಸ್ಕಾರ ಮಾಡಿದಳು. ಅಮ್ಮನ ಪರದೆಯಲ್ಲಿ "ಮೊಮ್ಮಗಳು ನಿಮಗೆ ನಮಸ್ಕಾರ ಮಾಡಿದಳು. ನೀವು ಹೇಗಿದ್ದೀರಿ ಎಂದು ಕೇಳಿದಳು" ಎಂದು ಮೂಡಿತು. ಬಹಳ ಹೊತ್ತು ಏನೂ ಬರಲಿಲ್ಲ. ಟೈಪ್ ಮಾಡುತ್ತಿದ್ದಾಳೆ ಅಂದುಕೊಂಡೆವು. ಕೊನೆಗೆ ಬಂತು: "ನನಗ್ಯಾಕೆ ನೀವು ಅಂತೀಯ ಪುಟ್ಟೀ? ನಾನೇನು ಹೊರಗಿನವಳಾ?"

ಮಗಳ ಮುಖ ಸಣ್ಣದಾಯಿತು. "ಅಪ್ಪ, ನೀನೇ ತಾನೆ ದೊಡ್ಡವರಿಗೆ ನೀವು ಅನ್ನಬೇಕು ಅಂದದ್ದು?" ನನ್ನಲ್ಲಿ ಉತ್ತರವಿರಲಿಲ್ಲ. ನಾನು ನನ್ನ ಅಮ್ಮನಿಗೆ ನೀನು ಅನ್ನುತ್ತೇನೆ, ಅಪ್ಪ ಇರುವವರೆಗೂ ಅವರಿಗೆ ನೀವು ಅನ್ನುತ್ತಿದ್ದೆ. ಇಬ್ಬರಲ್ಲಿ ಯಾರ ಮೇಲೆ ಗೌರವ ಕಡಿಮೆಯಿತ್ತು? ಈ ಪ್ರಶ್ನೆಯನ್ನು ಐವತ್ತು ದಾಟಿದ ನಾನು ಅದುವರೆಗೆ ಕೇಳಿಕೊಂಡೇ ಇರಲಿಲ್ಲ. ಊರಲ್ಲಿ ಬೆಳೆದವರಿಗೆ ಅದನ್ನು ಯಾರೂ ಹೇಳಿಕೊಡುವುದಿಲ್ಲ, ಗಾಳಿಯಲ್ಲೇ ಸಿಗುತ್ತದೆ. ಇಲ್ಲಿ ಹುಟ್ಟಿದ ಮಗುವಿಗೆ ನಾವು ನಿಯಮ ಕೊಟ್ಟೆವು, ಗಾಳಿ ಕೊಡಲಿಲ್ಲ.

ಮರುದಿನ ಮಗಳು ವಯಸ್ಸಿನ ಲೆಕ್ಕ ಅಳಿಸಿಹಾಕಿದಳು. ಅದರ ಜಾಗದಲ್ಲಿ ಒಂದು ಪಟ್ಟಿ ಮಾಡಿದಳು: ಯಾರು ಯಾರಿಗೆ ಏನನ್ನುತ್ತಾರೆ. 'ನೀನು', 'ನೀವು' ಒಬ್ಬ ಮನುಷ್ಯನ ಗುಣವಲ್ಲ, ಇಬ್ಬರ ನಡುವಿನ ವಿಷಯ ಎಂದು ಅವಳಿಗೆ ಅವಳೇ ಕಂಡುಕೊಂಡಳು. ಪಟ್ಟಿ ತುಂಬಿಸಲು ಅಜ್ಜಿಯನ್ನೇ ಕೇಳಬೇಕಾಯಿತು. ಅತ್ತೆಗೆ? ಮಾವನಿಗೆ? ಪಕ್ಕದ ಮನೆಯವರಿಗೆ? ಕೆಲಸಕ್ಕೆ ಬರುವವರಿಗೆ? ಒಂದೊಂದಕ್ಕೂ ಅಮ್ಮ ಒಂದೊಂದು ಕಥೆ ಕುಟ್ಟಿದಳು. ಹಾಯ್ ಎಂದು ಜಾರಿಕೊಳ್ಳುತ್ತಿದ್ದವಳು ಆ ರಾತ್ರಿ ಹನ್ನೊಂದಾದರೂ ಏಳಲಿಲ್ಲ. ಅರ್ಥವಾಗದ ಪದ ಬಂದಾಗ "ಅಪ್ಪ, ಇದೇನು?" ಎಂದು ಕೂಗುತ್ತಿದ್ದಳು, ಅಷ್ಟೇ.

ಎರಡು ವಾರದ ನಂತರ ಅಮ್ಮ ತಾನಾಗಿ ಒಂದು ಬೇಡಿಕೆ ಇಟ್ಟಳು. "ನಮಸ್ಕಾರ ಮಾಡ್ತೀರಿ, ಸರಿ. ಹರಸೋಕೆ ನನಗೆ ಒಂದು ಬೇಡ್ವಾ?" ನಮಗೆ ಹೊಳೆದೇ ಇರಲಿಲ್ಲ! ಮಗಳು ಆ ರಾತ್ರಿಯೇ 'ಹರಸು' ಬರೆದು, ಗಂಟಿಗೆ ಸೇರಿಸಿ, ರೀಲೋಡ್ ಮಾಡಿದಳು. ಅಜ್ಜಿ ಜಗಲಿಯಲ್ಲಿ ಕಾಯುತ್ತಿದ್ದಳು, ಹೊರಹೋಗಬೇಕಾಗಲಿಲ್ಲ.

ಸ್ವಲ್ಪ ಹೊತ್ತಿಗೆ ನಮ್ಮ ಪರದೆಯಲ್ಲಿ ಸಾಲು ಮೂಡಿತು: "ಅಜ್ಜಿ ನಿನ್ನ ತಲೆ ಮುಟ್ಟಿ ಹರಸಿದಳು." ಮಗಳು ಓದಿ, ಏನೂ ಅನ್ನದೆ, ಒಮ್ಮೆ ತಲೆ ಮುಟ್ಟಿ ನೋಡಿಕೊಂಡಳು.