ಸಾರ್ವಜನಿಕ ಸಾರಿಗೆಯಲ್ಲಿ ಖಾಸಗಿ ಸಹಭಾಗಿತ್ವ: ಸರ್ಕಾರದ ಮೇಲ್ವಿಚಾರಣೆ ಏಕೆ, ಹೇಗೆ?

ಪುಣೆ ಮಹಾನಗರದ ದಕ್ಷಿಣ ಭಾಗದಲ್ಲಿ, ಮಾರ್ಕೆಟ್ ಯಾರ್ಡ್‌ನ ನೆರೆಯಲ್ಲಿರುವ ಜನನಿಬಿಡ ಪ್ರದೇಶ ಬಿಬವೇವಾಡಿ. ಸ್ವಾರಗೇಟ್‌ನಿಂದ ಕಾತ್ರಜ್‌ವರೆಗಿನ 5.46 ಕಿ.ಮೀ. ಉದ್ದದ ಸುರಂಗ ಮೆಟ್ರೋ ಮಾರ್ಗಕ್ಕೆ ಕೇಂದ್ರ ಸಚಿವ ಸಂಪುಟವು 2024ರ ಆಗಸ್ಟ್‌ನಲ್ಲಿ ಅನುಮೋದನೆ ನೀಡಿತು. ಅನುಮೋದನೆಯ ವೇಳೆ 2,954.53 ಕೋಟಿ ರೂಪಾಯಿ ವೆಚ್ಚ ಅಂದಾಜಿಸಲಾಗಿದ್ದ ಈ ಮಾರ್ಗವು ಬಿಬವೇವಾಡಿಗೂ ಸಂಪರ್ಕ ಕಲ್ಪಿಸಲಿದೆ. ಇಂತಹ ಬೃಹತ್ ಯೋಜನೆಗಳಿಗೆ ಸರ್ಕಾರದ ಬೊಕ್ಕಸವೊಂದೇ ಸಾಲದೆಂಬ ಕಾರಣದಿಂದ ಖಾಸಗಿ ಬಂಡವಾಳವನ್ನೂ ಆಹ್ವಾನಿಸಲಾಗುತ್ತಿದೆ. ಹಾಗಾದರೆ ಪ್ರಯಾಣಿಕನ ಹಿತಕ್ಕೆ ಹೊಣೆ ಯಾರು?

ಒಂದೇ ನಗರ, ಮೂರು ವ್ಯವಸ್ಥೆ

ಪುಣೆಯಲ್ಲಿ ಮೂರು ಬಗೆಯ ವ್ಯವಸ್ಥೆಗಳನ್ನು ಕಾಣಬಹುದು. ಸ್ವಾರಗೇಟ್–ಕಾತ್ರಜ್ ಮಾರ್ಗದ ಹೊಣೆ ಹೊತ್ತಿರುವ ಮಹಾರಾಷ್ಟ್ರ ಮೆಟ್ರೋ ರೈಲು ನಿಗಮದಲ್ಲಿ ಕೇಂದ್ರ ಹಾಗೂ ರಾಜ್ಯ ಸರ್ಕಾರಗಳು ಸಮಪಾಲು ಹೊಂದಿವೆ. 2018ರ ಮಾರ್ಚ್‌ನಲ್ಲಿ ಕೇಂದ್ರದ ಅನುಮೋದನೆ ಪಡೆದ ಹಿಂಜವಡಿ–ಶಿವಾಜಿನಗರ ಮಾರ್ಗದ್ದು ಬೇರೆ ರೀತಿ. ಇಲ್ಲಿ ಖಾಸಗಿ ಸಂಸ್ಥೆಯೇ ಬಂಡವಾಳ ಹೂಡಿ, ಮಾರ್ಗ ನಿರ್ಮಿಸಿ, 35 ವರ್ಷಗಳ ಒಪ್ಪಂದದ ಅವಧಿ ಮುಗಿದ ಮೇಲೆ ಸರ್ಕಾರಿ ಪ್ರಾಧಿಕಾರಕ್ಕೆ ಒಪ್ಪಿಸಬೇಕು.

ಮೂರನೆಯದು ನಗರ ಬಸ್ಸು. 2007ರಲ್ಲಿ ರಚನೆಯಾದ ಪುಣೆ ಮಹಾನಗರ ಪರಿವಹನ ಮಹಾಮಂಡಳವು ಸ್ವಂತ ಬಸ್ಸುಗಳ ಜೊತೆಗೆ ಖಾಸಗಿಯವರ ಬಸ್ಸುಗಳನ್ನೂ ಬಾಡಿಗೆಗೆ ಪಡೆದು ಓಡಿಸುತ್ತದೆ. ಬಸ್ಸು ಮತ್ತು ಚಾಲಕ ಖಾಸಗಿಯವರದು. ಮಾರ್ಗ, ವೇಳಾಪಟ್ಟಿ ಮತ್ತು ಪ್ರಯಾಣ ದರದ ಅಧಿಕಾರ ಸಾರ್ವಜನಿಕ ಸಂಸ್ಥೆಯದು. ಓಡಿದ ಕಿಲೋಮೀಟರಿಗೆ ಇಂತಿಷ್ಟು ಎಂದು ಹಣ ಪಾವತಿಯಾಗುವುದರಿಂದ, ಜನ ಕಡಿಮೆ ಹತ್ತುವ ಬಡಾವಣೆಗೆ ಬಸ್ಸು ಹೋದರೂ ಮಾಲೀಕನಿಗೆ ನಷ್ಟವಿಲ್ಲ. ಆದರೆ ಆ ನಷ್ಟ ಸಾರ್ವಜನಿಕ ಸಂಸ್ಥೆಯ ಮೇಲೆ ಬೀಳುತ್ತದೆ. ಆದ್ದರಿಂದಲೇ ಓಡಿದ ದೂರ, ಸಮಯಪಾಲನೆ, ದುರಸ್ತಿ ಇವುಗಳ ಕಟ್ಟುನಿಟ್ಟಾದ ತಪಾಸಣೆ ಅತ್ಯಗತ್ಯ.

ಮೇಲ್ವಿಚಾರಣೆಯ ಹಂತಗಳು

2017ರ ಮೆಟ್ರೋ ರೈಲು ನೀತಿಯು ಕೇಂದ್ರದ ನೆರವು ಪಡೆಯುವ ಯೋಜನೆಗಳಲ್ಲಿ ಯಾವುದಾದರೊಂದು ರೂಪದ ಖಾಸಗಿ ಸಹಭಾಗಿತ್ವವನ್ನು ಕಡ್ಡಾಯಗೊಳಿಸಿತು. ಅದರೊಂದಿಗೆ ಕೆಲವು ನಿಬಂಧನೆಗಳನ್ನೂ ವಿಧಿಸಿತು. ನಗರಕ್ಕೆ ಸಮಗ್ರ ಸಂಚಾರ ಯೋಜನೆ ಇರಬೇಕು. ಮೆಟ್ರೋಗಿಂತ ಅಗ್ಗದ ಪರ್ಯಾಯಗಳನ್ನು ಪರಿಶೀಲಿಸಿರಬೇಕು. ಪ್ರಸ್ತಾವನೆಯನ್ನು ಸ್ವತಂತ್ರ ಸಂಸ್ಥೆಯೊಂದು ಮೌಲ್ಯಮಾಪನ ಮಾಡಬೇಕು.

ಮಾರ್ಗ ಸಿದ್ಧವಾದ ಮೇಲೆ ಮೆಟ್ರೋ ರೈಲು ಸುರಕ್ಷತಾ ಆಯುಕ್ತರ ಪರಿಶೀಲನೆಯಿಲ್ಲದೆ ಪ್ರಯಾಣಿಕರನ್ನು ಸಾಗಿಸುವಂತಿಲ್ಲ. 2002ರ ಮೆಟ್ರೋ ರೈಲು ಕಾಯಿದೆಯ ಪ್ರಕಾರ, ಹಾಲಿ ಅಥವಾ ಮಾಜಿ ಉಚ್ಚ ನ್ಯಾಯಾಲಯ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಯು ದರವನ್ನು ಶಿಫಾರಸು ಮಾಡುತ್ತದೆ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಮೆಟ್ರೋ ದರ ಪರಿಷ್ಕರಣೆಯಾದದ್ದು ಇಂತಹ ಸಮಿತಿಯ ಶಿಫಾರಸಿನ ಮೇರೆಗೇ.

ದೆಹಲಿಯ ಪಾಠ

ಮೇಲ್ವಿಚಾರಣೆಯ ಮಹತ್ವವನ್ನು ದೆಹಲಿಯ ವಿಮಾನ ನಿಲ್ದಾಣ ಮೆಟ್ರೋ ಮಾರ್ಗ ಸ್ಪಷ್ಟಪಡಿಸುತ್ತದೆ. 2011ರಲ್ಲಿ ಖಾಸಗಿ ನಿರ್ವಹಣೆಯಲ್ಲಿ ಆರಂಭವಾದ ಈ ಸೇವೆ, ತಾಂತ್ರಿಕ ದೋಷಗಳ ಕಾರಣ 2012ರ ಜುಲೈನಲ್ಲಿ ಸ್ಥಗಿತಗೊಂಡು, ಮುಂದಿನ ಜನವರಿಯಲ್ಲಿ ಪುನರಾರಂಭವಾಯಿತು. 2013ರ ಜುಲೈ 1ರಿಂದ ದೆಹಲಿ ಮೆಟ್ರೋ ರೈಲು ನಿಗಮವೇ ಅದನ್ನು ವಹಿಸಿಕೊಂಡಿತು. ಒಪ್ಪಂದ ಮುರಿದುದರ ಹೊಣೆ ಕುರಿತ ವಿವಾದ ಸರ್ವೋಚ್ಚ ನ್ಯಾಯಾಲಯದಲ್ಲಿ 2024ರವರೆಗೂ ನಡೆಯಿತು. ಖಾಸಗಿ ಪಾಲುದಾರ ಹಿಂದೆ ಸರಿದರೂ ಪ್ರಯಾಣಿಕನ ಸೇವೆ ನಿಲ್ಲುವಂತಿಲ್ಲ. ಕೊನೆಗೆ ಭಾರ ಹೊರುವುದು ಸಾರ್ವಜನಿಕ ಸಂಸ್ಥೆಯೇ. ಆದಕಾರಣ ನಿರ್ಗಮನದ ನಿಯಮಗಳನ್ನೂ ದೋಷಗಳ ಹೊಣೆಯನ್ನೂ ಆರಂಭದಲ್ಲಿಯೇ ಬರೆದಿಡಬೇಕಾಗುತ್ತದೆ.

ನಾಗರಿಕರ ಪಾತ್ರ

ಬಂಡವಾಳ ಯಾರದೇ ಆಗಿರಲಿ, ಬಿಬವೇವಾಡಿಯ ಕಾರ್ಮಿಕನಿಗೆ ಬೇಕಾದುದು ಸಮಯಕ್ಕೆ ಬರುವ, ಕೈಗೆಟಕುವ ದರದ, ಸುರಕ್ಷಿತ ವಾಹನ. ಕೆಲಸವನ್ನು ಖಾಸಗಿಯವರಿಗೆ ವಹಿಸಬಹುದು, ಜವಾಬ್ದಾರಿಯನ್ನು ವಹಿಸಲಾಗದು. 2005ರ ಮಾಹಿತಿ ಹಕ್ಕು ಕಾಯಿದೆಯಡಿ ಬಸ್ಸುಗಳ ಓಡಾಟ, ವಿಧಿಸಿದ ದಂಡ ಮೊದಲಾದ ವಿವರಗಳನ್ನು ಸಾರ್ವಜನಿಕ ಸಂಸ್ಥೆಗಳಿಂದ ಕೇಳುವ ಅವಕಾಶ ಪ್ರತಿಯೊಬ್ಬ ನಾಗರಿಕನಿಗೂ ಇದೆ. ಜನರು ಇದನ್ನು ಬಳಸಿಕೊಂಡಾಗ ಸರ್ಕಾರದ ಮೇಲ್ವಿಚಾರಣೆಯೂ ಬಲಗೊಳ್ಳುತ್ತದೆ.